ಹಗ್ಗ ಹಿಡಿಯುವ ಗುನ್‌ವೊರ್ ಹಡಗು ಹತ್ತಿ ಬಂದ ಕಥೆ

ಸೆಪ್ಟೆಂಬರಿನ ಬೆಳಗು ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ನಮ್ಮೂರು ಹೆಲ್ಲೆವೋಗ್‌ನ ಧಕ್ಕೆಯ ತುದಿಯಲ್ಲಿ ಹಳದಿ ಮಳೆಯಂಗಿ ತೊಟ್ಟ ಇಬ್ಬರು ನಿಂತಿದ್ದಾರೆ. ಒಬ್ಬಾಕೆ ಗುನ್‌ವೊರ್ ಲೋಟ್ಸ್‌ಬರ್ಗ್, ಇನ್ನೊಬ್ಬರು ಅವರ ಜೊತೆಗಾರ ಆಸ್ಬ್ಯೋರ್ನ್ ತ್ವೈಟ್. ಇಬ್ಬರಿಗೂ ಅರವತ್ತು ದಾಟಿದೆ. ಎದುರಿಗೆ ನಮ್ಮ ಇಡೀ ಊರಿಗಿಂತ ದೊಡ್ಡದಾದ ಬಿಳಿ ಹಡಗೊಂದು ಸದ್ದಿಲ್ಲದೆ ಹತ್ತಿರ ಬರುತ್ತಿದೆ. ಹಡಗಿನ ಮೂತಿಯಿಂದ ತೆಳುವಾದ ಹಗ್ಗವೊಂದು ಹಾರಿ ಬಂದು ಒದ್ದೆ ನೆಲದ ಮೇಲೆ ಬೀಳುತ್ತದೆ. ಗುನ್‌ವೊರ್ ಅದನ್ನು ಹಿಡಿಯುತ್ತಾರೆ.

"ಎಳಿ," ಅನ್ನುತ್ತಾರೆ ಆಸ್ಬ್ಯೋರ್ನ್.

ತೆಳು ಹಗ್ಗದ ಹಿಂದೆ ತೋಳಿನಷ್ಟು ದಪ್ಪದ ಹಗ್ಗ ನೀರು ಕುಡಿದುಕೊಂಡು ಮೇಲೆ ಬರುತ್ತದೆ. ಇಬ್ಬರೂ ಬೆನ್ನು ಬಾಗಿಸಿ ಅದನ್ನು ಎಳೆಯುತ್ತಾರೆ.

"ತಡಿ," ಅನ್ನುತ್ತಾರೆ ಗುನ್‌ವೊರ್. ಆಮೇಲೆ, "ಹಾಕು."

ಹಗ್ಗದ ಕುಣಿಕೆ ಕಬ್ಬಿಣದ ಗೂಟಕ್ಕೆ ಬೀಳುತ್ತದೆ. ಮೇಲಿನ ಅಂತಸ್ತುಗಳಲ್ಲಿ ಪ್ರವಾಸಿಗರು ಬಿಳಿ ನಿಲುವಂಗಿ ಹೊದ್ದು ಬೆಟ್ಟದ ಫೋಟೊ, ಚರ್ಚಿನ ಗೋಪುರದ ಫೋಟೊ, ಗುಡ್ಡದ ಮೇಲಿನ ಕುರಿಗಳ ಫೋಟೊ ತೆಗೆಯುತ್ತಿದ್ದಾರೆ. ಹಡಗನ್ನು ನೆಲಕ್ಕೆ ಕಟ್ಟಿದವರ ಕಡೆ ಯಾರ ಕ್ಯಾಮೆರಾವೂ ತಿರುಗುವುದಿಲ್ಲ. ಅದಕ್ಕೆ ಇವರಿಬ್ಬರಿಗೆ ಬೇಸರವೂ ಇಲ್ಲ, ಅಭ್ಯಾಸವಾಗಿದೆ.

ಅಭ್ಯಾಸವಾಗದೆ ಉಳಿದದ್ದು ಬೇರೆಯೇ ಇದೆ. ಎಳಿ, ತಡಿ, ಹಾಕು. ಮೇ ತಿಂಗಳಿಂದ ಇವರಿಬ್ಬರ ನಡುವೆ ಉಳಿದಿರುವುದು ಇವೇ ಮೂರು ಮಾತು. ಇಪ್ಪತ್ತಾರು ವರ್ಷ ಒಂದೇ ಫ್ಲಾಸ್ಕಿನ ಕಾಫಿ ಹಂಚಿಕೊಂಡವರು ಈಗ ಬೇರೆ ಬೇರೆ ಫ್ಲಾಸ್ಕ್ ತರುತ್ತಾರೆ. ಸಾಲದ್ದಕ್ಕೆ, ಮುಂದಿನ ತಿಂಗಳಿಂದ ತನ್ನನ್ನು ಹಡಗಿನ ಹಿಂಬದಿಯ ಹಗ್ಗ ಹಿಡಿಯುವ ಜೋಡಿಗೆ ಹಾಕಿ ಎಂದು ಆಸ್ಬ್ಯೋರ್ನ್ ಬಂದರಿನ ಕಚೇರಿಯಲ್ಲಿ ಕೇಳಿಕೊಂಡಿದ್ದಾರೆ. ಗುನ್‌ವೊರ್‌ಗೆ ಅದು ಗೊತ್ತಾದದ್ದು ಅಂಗಡಿಯಲ್ಲಿ, ಆಲೂಗಡ್ಡೆ ಆರಿಸುತ್ತಿದ್ದಾಗ, ಮೂರನೆಯವರ ಬಾಯಿಂದ.

"ನನಗೇ ಹೇಳ್ಬಹುದಿತ್ತು," ಅನ್ನುತ್ತಾರೆ ಅವರು, ಕೈಗವಸು ಹಿಂಡುತ್ತಾ. "ನಾನೇನು ದೂರ ಇದ್ದೀನಾ? ಹಗ್ಗದ ಇನ್ನೊಂದು ತುದೀಲಿ ಇರ್ತೀನಿ."

ಗುನ್‌ವೊರ್ ಈ ಕೆಲಸಕ್ಕೆ ಬಂದದ್ದು ಆಸೆಪಟ್ಟೇನಲ್ಲ. ಅವರು ದುಡಿಯುತ್ತಿದ್ದ ಮೀನು ಕಾರ್ಖಾನೆ ಬಾಗಿಲು ಹಾಕಿತು, ಬಂದರಿನಲ್ಲಿ ಒಬ್ಬರು ಬೇಕಿತ್ತು. ಹೆಂಗಸರ ಕೈಲಾಗುವ ಕೆಲಸವಲ್ಲ ಎಂದು ಆಗಿನ ಬಂದರು ಅಧಿಕಾರಿ ಮೂಗು ಮುರಿದಾಗ, "ಮೊದಲು ಎಳೆಯೋದು ನೋಡೋಣ, ಆಮೇಲೆ ಮಾತಾಡೋಣ" ಎಂದವರು ಇದೇ ಆಸ್ಬ್ಯೋರ್ನ್. ಮೊದಲ ದಿನ ಅವರು ಹೇಳಿಕೊಟ್ಟದ್ದು ಎರಡೇ ಪಾಠ: ತಲೆ ಎತ್ತಬೇಡ, ಕೈ ಬಿಡಬೇಡ. ಕಣ್ಣು ಹಗ್ಗದ ಮೇಲೇ ಇರಬೇಕು. ಕೈ ಬಿಟ್ಟರೆ ಭಾರವೆಲ್ಲ ಜೊತೆಗಾರರ ಮೇಲೆ ಬೀಳುತ್ತದೆ.

ಪ್ರವಾಸಿ ಹಡಗುಗಳು ಬೇಸಿಗೆಯ ನೆಂಟರು. ಚಳಿಗಾಲದಲ್ಲಿ ಬರುವವು ಸಾಕುಮೀನುಗಳ ಮೇವು ತುಂಬಿದ, ಕಲ್ಲು ತುಂಬಿದ ಸರಕಿನ ಹಡಗುಗಳು. ಅವುಗಳಿಗೆ ಹೊತ್ತುಗೊತ್ತಿಲ್ಲ. ಹಗ್ಗದ ಮೇಲೆ ಹಿಮ ಗಟ್ಟಿಯಾಗಿ ಕೂತು ಅದು ಬಾಗುವುದೇ ಇಲ್ಲ. ಗುನ್‌ವೊರ್ ಅವರ ಎಡಗೈ ಕಿರುಬೆರಳು ಅಂಥದೊಂದು ಫೆಬ್ರವರಿಯಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿದೆ. ನಿದ್ದೆ ಯಾವತ್ತೂ ತುಂಡುತುಂಡು. "ಒಂದು ಹಡಗು ಬಿಟ್ಟು ಇನ್ನೊಂದು ಬರೋ ಮಧ್ಯೆ ಎಷ್ಟು ಸಿಗುತ್ತೋ ಅಷ್ಟೇ ರಾತ್ರಿ," ಅನ್ನುತ್ತಾರೆ.

ಇಂಥವರು ಕಳೆದ ಜನವರಿಯಲ್ಲಿ ಲೋಕ ಸುತ್ತಲು ಹೊರಟುಬಿಟ್ಟರು. ಅಕ್ಕ ಬೋರ್ಗ್‌ಹಿಲ್ಡ್ ಹೊರಡಿಸಿದರು ಅನ್ನುವುದೇ ಸರಿ. ಚಿಕ್ಕಮ್ಮ ಬಿಟ್ಟುಹೋಗಿದ್ದ, ದೋಣಿ ಇಡುವ ಕಡಲಂಚಿನ ಕೊಟ್ಟಿಗೆ ಮಾರಿ ದುಡ್ಡು ಬಂದಿತ್ತು. ಅಕ್ಕ ತಂಗಿಯನ್ನು ಒಂದು ಮಾತೂ ಕೇಳದೆ ಇಬ್ಬರಿಗೂ ಟಿಕೆಟ್ ತಂದರು. ಬರ್ಗೆನ್‌ನಿಂದ ಹೊರಟು ಭೂಮಿಗೆ ಒಂದು ಸುತ್ತು ಹಾಕಿ ಬರ್ಗೆನ್‌ಗೇ ಮರಳುವ ಹಡಗು, ಹೆಚ್ಚುಕಡಿಮೆ ನಾಲ್ಕು ತಿಂಗಳು.

"ನಾಲ್ಕು ತಿಂಗಳು ಏನ್ ಮಾಡೋದು ಅಕ್ಕ, ಅಂದೆ. ಏನೂ ಮಾಡದೇ ಇರೋದೇ ಕಣೇ, ಅದಕ್ಕೇ ಅಷ್ಟು ದುಡ್ಡು, ಅಂದ್ಲು."

ಏನೂ ಮಾಡದಿರುವುದು ಗುನ್‌ವೊರ್‌ಗೆ ಒಗ್ಗಲಿಲ್ಲ. ಮೊದಲ ಬೆಳಿಗ್ಗೆಯೇ ಎದ್ದು ಇಬ್ಬರ ಹಾಸಿಗೆಯನ್ನೂ ಸರಿಮಾಡಿದರು, ಬಚ್ಚಲು ಒರೆಸಿದರು, ಕಸದ ಡಬ್ಬಿ ತೊಳೆದಿಟ್ಟರು. ಕೋಣೆ ನೋಡಿಕೊಳ್ಳುತ್ತಿದ್ದ ಗೋವಾದ ಅವೆಲಿನೋಗೆ ತೊಂದರೆಯಾಗದಿರಲಿ ಎಂಬ ಸದುದ್ದೇಶ. ನಮ್ಮ ಊರಿನ ಯಾರಾದರೂ ಹಾಗೇ ಮಾಡುತ್ತಿದ್ದರು. ಮೂರನೆಯ ದಿನ ಆತ ಬಾಗಿಲಲ್ಲಿ ನಿಂತು, ಮುಖ ಸಣ್ಣದು ಮಾಡಿಕೊಂಡು ಕೇಳಿದನಂತೆ: "ಅಮ್ಮಾ, ನನ್ನ ಕೆಲಸದಲ್ಲಿ ಏನು ತಪ್ಪಾಯ್ತು? ಮೇಲಿನವರು ನೋಡಿದ್ರೆ ನನ್ನಿಂದ ನಿಮಗೆ ಸಮಾಧಾನ ಇಲ್ಲ ಅಂದ್ಕೋತಾರೆ."

"ಆ ದಿನದಿಂದ ಎದ್ದ ಕೂಡ್ಲೇ ಹಾಸಿಗೆ ಮೇಲೆ ಎರಡು ಸಲ ಹೊರಳಾಡಿ ಮುದ್ದೆ ಮಾಡಿ ಬರ್ತಿದ್ದೆ," ಎಂದು ಗುನ್‌ವೊರ್ ನಗುತ್ತಾರೆ. "ಅದೇ ಅಲ್ಲಿ ನಾನು ಮಾಡಿದ ಕೆಲಸ."

ಬೋರ್ಗ್‌ಹಿಲ್ಡ್ ಅವರು ಕುಣಿತದ ತರಗತಿಗೆ ಸೇರಿದರು, ಇಸ್ಪೀಟಿನ ಗೆಳತಿಯರನ್ನು ಸಂಪಾದಿಸಿದರು. ಗುನ್‌ವೊರ್ ಬೆಳಗಾಗುವ ಮೊದಲೇ ಎಚ್ಚರವಾಗಿ ಮುಂದಿನ ಡೆಕ್ಕಿಗೆ ಹೋಗಿ ನಿಲ್ಲುತ್ತಿದ್ದರು. ಹಡಗು ಯಾವುದಾದರೂ ಬಂದರು ಸೇರುವ ದಿನ ಅವರಿಗೆ ಹಬ್ಬ. ಕೆಳಗೆ ಹಗ್ಗ ಹಿಡಿಯುವವರನ್ನು ನೋಡುವುದು, ಫೋನಿನಲ್ಲಿ ಒಂದು ಫೋಟೊ ತೆಗೆಯುವುದು. ಊರು ನೋಡಲು ಇಳಿದದ್ದೂ ಉಂಟು. ಆದರೆ ಊರುಗಳ ಹೆಸರು ಕೇಳಿದರೆ ಅವರಿಗೆ ಮೊದಲು ನೆನಪಾಗುವುದು ಧಕ್ಕೆಯೇ.

ಏಪ್ರಿಲ್ ಕೊನೆಗೆ, ಬರ್ಗೆನ್ ಸೇರುವ ಎರಡು ದಿನ ಮೊದಲು, ಹಡಗು ಹೆಲ್ಲೆವೋಗ್‌ನಲ್ಲೇ ನಿಂತಿತು. ತನ್ನದೇ ಊರಿಗೆ ಪ್ರವಾಸಿಯಾಗಿ ಬರುವುದು ಯಾರಿಗೆ ಸಿಗುತ್ತದೆ? ಗುನ್‌ವೊರ್ ಹಡಗಿನವರು ಕೊಟ್ಟ ಕೆಂಪು ಟೋಪಿ ಹಾಕಿಕೊಂಡು ಡೆಕ್ಕಿನ ಕಂಬಿಗೆ ಆತುಕೊಂಡು ನಿಂತರು. ಕೆಳಗೆ ಆಸ್ಬ್ಯೋರ್ನ್, ಪಕ್ಕದಲ್ಲಿ ಬದಲಿಗೆ ಬಂದ ಆಳು. ಮೇಲಿನಿಂದ ಇಬ್ಬರೂ ಹೆಬ್ಬೆರಳಿನಷ್ಟು ಕಂಡರಂತೆ. ಎದೆ ತುಂಬಿಬಂತು. ಒಂದು ಕೈಯಲ್ಲಿ ಫೋನು ಹಿಡಿದು ಫೋಟೊ ತೆಗೆಯುತ್ತಾ, ಇನ್ನೊಂದು ಕೈ ಬೀಸುತ್ತಾ, "ಆಸ್ಬ್ಯೋರ್ನ್! ಏಯ್ ಆಸ್ಬ್ಯೋರ್ನ್!" ಎಂದು ಜೀವಮಾನದಲ್ಲಿ ಕೂಗದಷ್ಟು ಜೋರಾಗಿ ಕೂಗಿದರು. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು.

ಆಸ್ಬ್ಯೋರ್ನ್ ತಲೆ ಎತ್ತಿದರು, ನೋಡಿದರು, ಮತ್ತೆ ತಲೆ ತಗ್ಗಿಸಿದರು. ಕೈ ಎತ್ತಲಿಲ್ಲ.

ಹಗ್ಗ ಕಟ್ಟಿದ ಮೇಲಾದರೂ ಕಾಯುತ್ತಾರೆ ಎಂದು ಗುನ್‌ವೊರ್ ಓಡೋಡಿ ಇಳಿದರೆ ಧಕ್ಕೆ ಖಾಲಿ. ಎರಡು ದಿನದ ಬಳಿಕ ಮನೆಗೆ ಮರಳಿದಾಗ ಬದಲಿ ಆಳು ಮಣಿಕಟ್ಟು ಉಳುಕಿ ಮನೆಯಲ್ಲಿದ್ದ, ಅವನಿಗೆ ಕೆಲಸ ಬರಲ್ಲ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಮರುದಿನವೇ ಕೆಲಸಕ್ಕೆ ಹೋದಾಗ ಆಸ್ಬ್ಯೋರ್ನ್ ಕೇಳಿದ್ದು ಒಂದೇ ಪ್ರಶ್ನೆ: "ಹೇಗಿತ್ತು?"

"ಕೆಟ್ಟದಾಗೇನೂ ಇರ್ಲಿಲ್ಲ," ಅಂದರು ಇವರು.

"ಹೂಂ," ಅಂದರು ಅವರು. ಅಲ್ಲಿಗೆ ಮುಗಿಯಿತು.

ನಮ್ಮ ಕಡೆ ‘ಕೆಟ್ಟದಾಗೇನೂ ಇಲ್ಲ’ ಅನ್ನುವುದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮದುವೆ ಊಟಕ್ಕೂ ಅದೇ ಮಾತು, ಹೊಸ ಮನೆಗೂ ಅದೇ, ಗಂಡನಿಗೂ ಅದೇ. ತನ್ನದನ್ನು ತಾನೇ ದೊಡ್ಡದು ಮಾಡಿ ಹೇಳಿಕೊಂಡರೆ ಇಲ್ಲಿ ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ. ಹಡಗಿನ ಮೇಲಿಂದ ಟೋಪಿ ಹಾಕಿಕೊಂಡು ಕೂಗಿದ್ದೇ ತಪ್ಪಾಯಿತೆಂದು ಗುನ್‌ವೊರ್ ಲೆಕ್ಕ ಹಾಕಿದರು. ಮಹಾರಾಣಿ ಮೇಲೆ ನಿಂತು ಕೈಬೀಸಿದ ಹಾಗೆ ಕಂಡಿರಬೇಕು. ಚಳಿಗಾಲವಿಡೀ ಹಿಮದ ಹಗ್ಗ ಎಳೆದ ಮನುಷ್ಯ ಅವನು. "ಕೈ ಬಿಟ್ಟು ಹೋದವಳು ನಾನು. ಭಾರ ಅವನ ಮೇಲೆ ಬಿತ್ತು. ಸಿಟ್ಟು ಬರದೇ ಇರುತ್ತಾ?"

ಹೀಗಿರುವಾಗ ಊರಿನ ಸಭಾಮನೆಯವರು ಪ್ರವಾಸದ ಅನುಭವ ಹೇಳಿ ಎಂದು ದುಂಬಾಲು ಬಿದ್ದರು. ತಿಂಗಳಿಗೊಮ್ಮೆ ಸಂಜೆ ಕಾಫಿ, ವಾಫಲ್, ಯಾರಾದರೊಬ್ಬರ ಮಾತು. ಗುನ್‌ವೊರ್ ಬೇಸಿಗೆಯಿಡೀ ಜಾರಿಕೊಂಡರು. ಕೊನೆಗೆ ಬೋರ್ಗ್‌ಹಿಲ್ಡ್ ಬೆದರಿಕೆ ಹಾಕಿದರು: "ನೀನು ಮಾತಾಡ್ದೇ ಇದ್ರೆ ನಾನೇ ಮಾತಾಡ್ತೀನಿ." ಅವರು ಸೂಟ್‌ಕೇಸ್ ಕೊಂಡ ದಿನದಿಂದ ಶುರುಮಾಡುತ್ತಾರೆ ಎಂಬುದು ಊರಿಗೆಲ್ಲ ಗೊತ್ತು. ಸಭಾಮನೆಯವರೇ ಬಂದು ಗುನ್‌ವೊರ್ ಕೈಹಿಡಿದು ಬೇಡಿಕೊಂಡರು.

ಆ ಸಂಜೆ ಇವತ್ತೇ. ಕುರ್ಚಿಗಳೆಲ್ಲ ತುಂಬಿವೆ. ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲಿ, ತಟ್ಟೆಯಲ್ಲಿ ಕಂದು ಚೀಸಿನ ವಾಫಲ್ ಇಟ್ಟುಕೊಂಡು ಆಸ್ಬ್ಯೋರ್ನ್ ಕೂತಿದ್ದಾರೆ. ವಾಫಲ್‌ಗಾಗಿ ಬಂದವರಂತೆ ಕಾಣಬೇಕೆಂದು ತಟ್ಟೆಯಿಂದ ಕಣ್ಣು ತೆಗೆಯುತ್ತಿಲ್ಲ.

ಗುನ್‌ವೊರ್ ಗಂಟಲು ಸರಿಮಾಡಿಕೊಳ್ಳುತ್ತಾರೆ. "ಪ್ರವಾಸ ಕೆಟ್ಟದಾಗೇನೂ ಇರ್ಲಿಲ್ಲ," ಅನ್ನುತ್ತಾರೆ. ಆಮೇಲೆ ಏನು ಹೇಳಬೇಕೋ ತೋಚದೆ ಫೋಟೊ ಹಾಕುತ್ತಾರೆ. ಗೋಡೆಯ ಮೇಲೆ ಮೂಡಿದ್ದು ತಾಳೆಮರವಲ್ಲ, ಕಡಲತೀರವಲ್ಲ. ಕಬ್ಬಿಣದ ಗೂಟ, ಹಗ್ಗ, ಬಾಗಿದ ಇಬ್ಬರು.

"ಇದು ಮದೇರಾ. ಈ ಮುದುಕಪ್ಪನಿಗೆ ಕೈಗವಸೇ ಇಲ್ಲ. ಇದು ವಾಲ್ಪರೈಸೋ, ಇಲ್ಲಿ ಐದು ಜನ ಎಳೀತಾರೆ, ಒಬ್ಬ ಹಾಡ್ತಾನೆ. ಹಾಡೋನು ಎಳೆಯಲ್ಲ. ಇದು ಮಂಗಳೂರು, ತಲೆಗೆ ಟವೆಲ್ ಸುತ್ಕೊಂಡಿದ್ದಾನಲ್ಲ, ಅವನು ಕುಣಿಕೆ ಹಾಕಿದ್ದು ನೋಡ್ಬೇಕಿತ್ತು, ಒಂದೇ ಏಟಿಗೆ."

"ಪಿರಮಿಡ್ ಎಲ್ಲೇ?" ಎಂದು ಯಾರೋ ಕೇಳುತ್ತಾರೆ.

"ಅದು ಅಕ್ಕನ ಫೋನಲ್ಲಿದೆ."

ಸಭೆ ನಗುತ್ತದೆ. ಫೋಟೊಗಳು ಸಾಗುತ್ತವೆ. ಎಲ್ಲದರಲ್ಲೂ ಮೇಲಿನಿಂದ ಕಾಣುವ ಟೋಪಿ, ನೆತ್ತಿ, ಬೆನ್ನು. ಯಾರಿಗೂ ಮುಖವಿಲ್ಲ. "ಯಾವ ಊರಲ್ಲೂ ಒಬ್ಬರೂ ತಲೆ ಎತ್ತಲಿಲ್ಲ," ಅನ್ನುತ್ತಾರೆ ಗುನ್‌ವೊರ್. "ಎತ್ತಬಾರದು. ನಮಗೂ ಹಾಗೇ ಹೇಳಿಕೊಟ್ಟಿದ್ದು."

ಕೊನೆಯ ಫೋಟೊ ಬರುತ್ತದೆ. ಹೆಲ್ಲೆವೋಗ್‌ನ ಧಕ್ಕೆ, ಎರಡು ಹಳದಿ ಅಂಗಿ. ಒಂದು ಬಾಗಿದೆ. ಇನ್ನೊಂದರ ಮೇಲೆ ಮುಖವಿದೆ. ಆಕಾಶಕ್ಕೆ ಎತ್ತಿದ, ಬಾಯಿ ತೆರೆದ, ನಗುವ ಮುಖ. ಆಸ್ಬ್ಯೋರ್ನ್ ಅಷ್ಟು ಅಗಲವಾಗಿ ನಕ್ಕದ್ದನ್ನು ಈ ಊರಿನಲ್ಲಿ ಯಾರೂ ನೋಡಿಲ್ಲ. ಫೋನಿನ ಸಣ್ಣ ಪರದೆಯಲ್ಲಿ ಗುನ್‌ವೊರ್ ಕೂಡ ನೋಡಿರಲಿಲ್ಲ.

"ಅವನಿಗೂ ಹಲ್ಲಿದೆಯಲ್ಲೇ!" ಅನ್ನುತ್ತಾರೆ ಬೋರ್ಗ್‌ಹಿಲ್ಡ್. ಇಡೀ ಸಭೆ ಹೊಟ್ಟೆ ಹಿಡಿದು ನಗುತ್ತದೆ.

ಆಸ್ಬ್ಯೋರ್ನ್ ತಟ್ಟೆ ಪಕ್ಕಕ್ಕಿಟ್ಟು ಎದ್ದು ನಿಲ್ಲುತ್ತಾರೆ. ಹೊರಟೇಬಿಟ್ಟರು ಎಂದುಕೊಂಡವರೇ ಹೆಚ್ಚು. ಈ ಸಭಾಮನೆಯಲ್ಲಿ ಅವರು ಎದ್ದು ನಿಂತು ಮಾತಾಡಿದ್ದು ಯಾರಿಗೂ ನೆನಪಿಲ್ಲ.

"ಬದಲಿಯವನ ಮಣಿಕಟ್ಟು ಉಳುಕಿದ್ದು ಆಗಲೇ," ಅನ್ನುತ್ತಾರೆ, ಗೋಡೆಯ ಕಡೆ ಗದ್ದ ತೋರಿಸಿ. "ಎಲ್ರೂ ಅವನಿಗೆ ಕೆಲಸ ಬರಲ್ಲ ಅಂದ್ರಿ. ಅವನದ್ದೇನೂ ತಪ್ಪಿಲ್ಲ. ನಾನು ಮೇಲೆ ನೋಡಿದೆ, ಹಗ್ಗ ಜಾರಿತು, ಭಾರ ಅವನ ಮೇಲೆ ಹೋಯ್ತು." ಆಮೇಲೆ ಗುನ್‌ವೊರ್ ಕಡೆ ತಿರುಗುತ್ತಾರೆ. "ನಿನಗೆ ಪಾಠ ಹೇಳಿಕೊಟ್ಟೋನು ನಾನು. ನಿನ್ನ ಎದುರು ನಿಂತ್ಕೊಳ್ಳೋಕೆ ನನಗೆ ಮುಖ ಎಲ್ಲಿತ್ತು?"

"ಕೈ ಬೀಸ್ಲಿಲ್ವಲ್ಲೋ ನೀನು," ಅನ್ನುತ್ತಾರೆ ಗುನ್‌ವೊರ್. "ನಾನು ಏನೇನೋ ಅಂದ್ಕೊಂಡೆ."

"ಕೈಯಲ್ಲಿ ಹಗ್ಗ ಇತ್ತಲ್ಲ ಮಾರಾಯ್ತಿ!"

ಯಾರೂ ನಗುವುದಿಲ್ಲ. ಬೋರ್ಗ್‌ಹಿಲ್ಡ್ ಕಾಫಿಯ ಹೂಜಿ ಹಿಡಿದು ಮೂಗೊರೆಸಿಕೊಳ್ಳುತ್ತಾರೆ. ಆಸ್ಬ್ಯೋರ್ನ್ ಕೂತು, ತಟ್ಟೆ ತೆಗೆದುಕೊಂಡು, ಬಾಯಿ ತುಂಬ ವಾಫಲ್ ಇಟ್ಟುಕೊಂಡು ಸಭೆಗೆಲ್ಲ ಕೇಳುವಂತೆ ತೀರ್ಪು ಕೊಡುತ್ತಾರೆ: "ಫೋಟೊ ಕೆಟ್ಟದಾಗೇನೂ ಇಲ್ಲ."

ಮರುದಿನ ಬೆಳಿಗ್ಗೆ ಮೇವಿನ ಹಡಗು ಬರುವುದಿದೆ. ಹನಿ ಮಳೆ. ಧಕ್ಕೆಯ ಮೇಲೆ ಒಂದೇ ಫ್ಲಾಸ್ಕ್ ಇದೆ, ಎರಡು ಲೋಟ. ಹಿಂಬದಿಯ ಜೋಡಿಗೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ ಎಂದು ಆಸ್ಬ್ಯೋರ್ನ್ ಕಚೇರಿಗೆ ಫೋನು ಮಾಡಿ ಹೇಳಿಯಾಗಿದೆ. ಗುನ್‌ವೊರ್ ಅಂಗೈ ತೋರಿಸುತ್ತಾರೆ. ನಾಲ್ಕು ತಿಂಗಳ ಪ್ರವಾಸದಲ್ಲಿ ಮೆತ್ತಗಾಗಿ, ಮೇ ತಿಂಗಳಲ್ಲಿ ಬೊಬ್ಬೆ ಎದ್ದು, ಈಗ ಮತ್ತೆ ಮೊದಲಿನಂತೆ ಗಟ್ಟಿಯಾಗಿದೆ.

ಇನ್ನೊಮ್ಮೆ ಹಡಗು ಹತ್ತುವ ಆಸೆ ಇದೆಯೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ. "ನನಗೆ ಸಾಕು. ಇವನೊಂದ್ಸಲ ಹೋಗ್ಬೇಕು. ಹೋಗಿ, ಹಡಗಲ್ಲಿ ಇದೇ ಧಕ್ಕೆಗೆ ಬರ್ಬೇಕು. ಕೆಂಪು ಟೋಪಿ ನಾನೇ ಕೊಡ್ತೀನಿ. ಮೇಲೆ ನಿಂತು ಗಂಟಲು ಹರಿಯೋ ಹಾಗೆ ನನ್ನ ಹೆಸರು ಕೂಗ್ಬೇಕು."

"ಕೂಗಿದ್ರೆ?" ಅನ್ನುತ್ತಾರೆ ಆಸ್ಬ್ಯೋರ್ನ್, ಲೋಟದೊಳಗಿನಿಂದ.

ತೆಳು ಹಗ್ಗ ಹಾರಿ ಬಂದು ಧಕ್ಕೆಯ ಮೇಲೆ ಬೀಳುತ್ತದೆ. ಗುನ್‌ವೊರ್ ಅದನ್ನು ಹಿಡಿದು, ಬೆನ್ನು ಬಾಗಿಸುತ್ತಾರೆ.

"ನಾನು ತಲೆ ಎತ್ತಲ್ಲ."