ಜೀಪಿನ ಮೂತಿಗೆ ಕಟ್ಟಿದ ಚೆಂಡುಹೂವು

ಚಿಕ್ಕಂದಿನ ಬೇಸಿಗೆ ಅಂದರೆ ಎಲ್ಲರಿಗೂ ಮಾವಿನಕಾಯಿ, ಉಪ್ಪುಖಾರ, ಹುಣಸೇಮರದ ಕೆಳಗಿನ ಕುಂಟೇಬಿಲ್ಲೆ ನೆನಪಾಗುತ್ತದಂತೆ. ನನಗೆ ಮೊದಲು ನೆನಪಾಗುವುದು ಒಂದು ಮುಳ್ಳು. ನಮ್ಮಪ್ಪನ ಹಳೇ ಜೀಪಿನಲ್ಲಿ ಒಂದು ದುಂಡು ಗಾಜಿನೊಳಗೆ ಎಂಜಿನ್ನಿನ ಬಿಸಿ ತೋರಿಸುವ ಸಣ್ಣ ಮುಳ್ಳಿತ್ತು. ಗಾಜು ಬಿರುಕು ಬಿಟ್ಟು ಅಪ್ಪ ಕೂರುವ ಕಡೆಯಿಂದ ಏನೂ ಕಾಣುತ್ತಿರಲಿಲ್ಲ. ಪಕ್ಕದ ಸೀಟಿನಿಂದ ಕಾಣುತ್ತಿತ್ತು. ಹಾಗಾಗಿ ಆ ಸೀಟೂ ನನ್ನದೇ, ಆ ಮುಳ್ಳೂ ನನ್ನದೇ, ಅದರ ದಿಗಿಲೂ ನನ್ನದೇ. ಹುಟ್ಟಾ ಪುಕ್ಕಲಿ ನಾನು. ಅಂಥವಳ ಕೈಗೆ ಅಪ್ಪ ಈ ಕೆಲಸ ಕೊಟ್ಟಿದ್ದ ನೋಡಿ!

ಜೀಪು ತೆರಕಣಾಂಬಿಯಿಂದ ಗುಂಡ್ಲುಪೇಟೆ ಸಂತೆಗೆ ಟೊಮೇಟೊ, ಬೀನ್ಸು ಹೊರುತ್ತಿತ್ತು. ಮಳೆ ಚಳಿಯಲ್ಲಿ ಅದರಷ್ಟು ಸಾಧು ಇನ್ನೊಂದಿಲ್ಲ. ಬೇಸಿಗೆ ಬಂತೋ, ಬಾಣಂತಿಗಿಂತ ಹೆಚ್ಚಿನ ಆರೈಕೆ ಬೇಕು. ಬೆಳಿಗ್ಗೆ ಎದ್ದು ಅಪ್ಪ ಮೊದಲು ರೇಡಿಯೇಟರ್‌ಗೆ ನೀರು ತುಂಬುತ್ತಿದ್ದ, ಆಮೇಲೆ ತಾನು ಕಾಫಿ ಕುಡಿಯುತ್ತಿದ್ದ. ಫ್ಯಾನ್ ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದ. ಮುಂದಿನ ಜಾಲರಿಗೆ ಸಿಕ್ಕಿಕೊಂಡ ಮಿಡತೆ, ತರಗೆಲೆಯನ್ನು ಒಂದೊಂದಾಗಿ ಬಿಡಿಸುತ್ತಿದ್ದ. "ಅದ್ಕ ಇದೇ ಮೂಗು ಕಣಮ್ಮಿ. ಇಲ್ಲಿಂದ್ಲೇ ಉಸುರು" ಅನ್ನುತ್ತಿದ್ದ.

ಆ ವರ್ಷದ ಬೇಸಿಗೆಯಲ್ಲಿ ಮಂಗಳಕ್ಕನ ಮದುವೆ. ಗಂಡಿನ ಊರು ಪುಣಜನೂರು, ಧಾರೆಯೂ ಅಲ್ಲೇ, ನಡುಮಧ್ಯಾಹ್ನದ ಅಭಿಜಿನ್ ಲಗ್ನದಲ್ಲಿ. ಹಿಂದಿನ ವರ್ಷ ಅಕ್ಕನಿಗೆ ಗೊತ್ತಾಗಿದ್ದ ಒಂದು ಸಂಬಂಧ ವೀಳ್ಯಶಾಸ್ತ್ರ ಆದಮೇಲೆ ಮುರಿದುಬಿದ್ದಿತ್ತು. ಊರಿನ ಬಾಯಿಗೆ ಅಷ್ಟು ಸಾಕಲ್ಲ. ಹುಡುಗಿಯ ಕಾಲ್ಗುಣ, ಜಾತಕ, ಏನೇನೋ ಮಾತು. ಈ ಸಲ ಗಂಡಿನ ದೊಡ್ಡಪ್ಪ ಒಬ್ಬರು ಎಲ್ಲರೆದುರು ಹೇಳಿಯೇ ಹೋಗಿದ್ದರು: "ಲಗ್ನ ಒಂದು ಗಳಿಗೆ ತಪ್ಪಿದ್ರೂ ನಾನು ಚಪ್ಪರದಲ್ಲಿ ನಿಲ್ಲೋನಲ್ಲ." ಆ ಮಾತು ಕೇಳಿದಾಗಿನಿಂದ ಅಮ್ಮನಿಗೆ ಊಟ ಸೇರಿರಲಿಲ್ಲ.

ಹಿಂದಿನ ಸಂಜೆಯೇ ಹೋಗಿಬಿಡಬಹುದಿತ್ತಲ್ಲ ಅಂತೀರಿ. ಆಗ ಕತ್ತಲಾದ ಮೇಲೆ ಆ ಕಾಡಿನ ದಾರಿಗೆ ಯಾರೂ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೊರಡುತ್ತಿರಲಿಲ್ಲ. ಕಾಡುಗಳ್ಳರ ಭಯ, ಆನೆ ಭಯ, ನಡುನಡುವೆ ಪೊಲೀಸರು ನಿಲ್ಲಿಸಿ ಕೇಳುವ ಭಯ. ಅಮ್ಮ, ನೆಂಟರು ಎಲ್ಲ ಬೆಳಕು ಹರಿಯುತ್ತಲೇ ಟೆಂಪೋದಲ್ಲಿ ಹೊರಟರು. ಮದುವಣಗಿತ್ತಿಗೆ ಅಪ್ಪನ ಜೀಪು. ಅವಳ ಜೊತೆಗೆ ಅಜ್ಜಿ, ನಾನು.

ಅಜ್ಜಿ ಅಪ್ಪನ ತಾಯಿ. ಬಾವಿ ನೀರು ಹೊತ್ತು ಚೆಂಡುಹೂವು ಬೆಳೆಯುತ್ತಿದ್ದಳು, ಕಣ್ಣು ಮುಚ್ಚಿಕೊಂಡೇ ಮಾರುಗಟ್ಟಲೆ ಕಟ್ಟುತ್ತಿದ್ದಳು, ಒಂದು ಎಸಳೂ ಮುಡಿಯುತ್ತಿರಲಿಲ್ಲ. ಅಪ್ಪ ಎಳೇಕೂಸಾಗಿದ್ದಾಗಲೇ ತಾತ ತೀರಿಹೋಗಿ, ಊರ ಹೆಂಗಸರು ಸೇರಿ ಅವಳ ತಲೆಯ ಹೂ ಕಿತ್ತಿದ್ದರಂತೆ. ಆ ಅಜ್ಜಿ ಮೊಮ್ಮಗಳ ಮದುವೆಯ ಬೆಳಿಗ್ಗೆ ಹೊಲದ ಹೂವನ್ನೆಲ್ಲ ಕೊಯ್ದು, ತೋಳುಗಾತ್ರದ ಹಾರ ಮಾಡಿ, ಜೀಪಿನ ಮೂತಿಗೆ ಸುತ್ತಿದಳು. ಒಂದು ಸುತ್ತಲ್ಲ, ಮೇಲಿಂದ ಕೆಳಗಿನ ತನಕ. ಜಾಲರಿ ಒಂದು ಬೆರಳಗಲವೂ ಕಾಣದಂತೆ ಆಯಿತು.

ಅಪ್ಪ ತಲೆ ಕೆರೆದುಕೊಂಡು, "ಅವ್ವ, ಮೂತಿ ಮ್ಯಾಲ ಇಷ್ಟೊಂದ್ ಬ್ಯಾಡ ಕಣವ್ವ. ಗಾಳಿ ಆಡ್ಬೇಕು" ಅಂದ.

"ನನ್ ಮೊಮ್ಮಗ್ಳು ಬೋಳುಗಾಡೀಲಿ ಹೋದಾಳ? ಸುಮ್ಕಿರ್ಲಾ ಕಂಡಿವ್ನಿ."

ಈ ಶೃಂಗಾರ ಮುಗಿಯುವುದರೊಳಗೆ ಸೋಮವಾರದ ರಾಹುಕಾಲ ಬಂದುಬಿಟ್ಟಿತು. ಅದು ಕಳೆಯುವ ತನಕ ಅಜ್ಜಿ ಅಕ್ಕನನ್ನು ಹೊಸಲು ದಾಟಿಸಲಿಲ್ಲ. ಹೊರಟಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಜೀಪಿನ ತುಂಬ ಡೀಸೆಲ್ಲು, ಕಾದ ರೆಕ್ಸಿನ್ನು, ಅಜ್ಜಿಯ ಗಂಟಿನೊಳಗಿನ ಕಜ್ಜಾಯ, ಅಕ್ಕನ ಮೈಯ ಅರಿಶಿನ, ಎಲ್ಲದರ ವಾಸನೆ. ನನ್ನ ಕಾಲ ನಡುವೆ ನೀರಿನ ಬಿಂದಿಗೆ. ಕಣ್ಣು ಮುಳ್ಳಿನ ಮೇಲೆ.

"ಎಲ್ಲದಮ್ಮಿ ಮುಳ್ಳು?"

"ನಡೂಗ್ ಬಂದದ ಕಣಪ್ಪ."

ಊರ ಕೆರೆ ದಾಟುವ ಮುಂಚೆಯೇ ನಡುವಿಗೆ ಬಂದಿತ್ತು. ಎಂದೂ ಹಾಗಾಗಿರಲಿಲ್ಲ. ಅಪ್ಪ ಮತ್ತೆ ಕೇಳಿದ, ಮತ್ತೆ ಕೇಳಿದ. ಪ್ರತಿ ಸಲವೂ ನಾನು ಹೇಳುವ ಸುದ್ದಿ ಕೆಟ್ಟದ್ದೇ. ಉಡಿಗಾಲದ ಹತ್ತಿರ ಮುಳ್ಳು ಕೆಂಪು ಮುಟ್ಟಿತು. "ಅಪ್ಪಾ!" ಎಂದು ಕಿರುಚಿದೆ. ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಬಂತು. ಅದರ ಜೊತೆ ಬಂದ ವಾಸನೆ ನನಗೆ ಇವತ್ತಿಗೂ ಆಗಿಬರುವುದಿಲ್ಲ. ಬೆಂದ ಚೆಂಡುಹೂವಿನ ವಾಸನೆ ಅದು.

ಅಪ್ಪ ಗಾಡಿಯನ್ನು ಮರದ ನೆರಳಿಗೆ ಎಳೆದ. ಎಂಜಿನ್ ಆರಿಸಲಿಲ್ಲ, ಮೆಲ್ಲಗೆ ಓಡಲು ಬಿಟ್ಟು ಬಾನೆಟ್ ಎತ್ತಿದ. ಒದ್ದೆ ಗೋಣಿ ಕೈಗೆ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳದ ಮುಂದೆ ಕಾದು ನಿಂತ. ಆತುರಪಟ್ಟು ಬಿಚ್ಚಿದರೆ ಮುಖ ಬೇಯುತ್ತದೆ, ಒಮ್ಮೆಗೇ ತಣ್ಣೀರು ಸುರಿದರೆ ಎಂಜಿನ್ ಸೀಳುತ್ತದೆ. ಕಾಯಲೇಬೇಕು. ಕಾಯಲು ನಮಗೆಲ್ಲಿದೆ ಪುರುಸೊತ್ತು! ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಹೋದ ವರ್ಷದ ಮಾತುಗಳೆಲ್ಲ ಅವಳ ಮುಖದಲ್ಲಿ ಹಾಗೇ ಓದುವಂತಿದ್ದವು. ನನಗೆ ಅಳು ಒತ್ತರಿಸಿ ಬಂತು.

ಅಪ್ಪ ಹಾರಕ್ಕೆ ಕೈ ಹಾಕಿದ. "ಅವ್ವ, ಇದ ತಗೀಲೇಬೇಕು ಕಣ."

ಅಜ್ಜಿ ಧಡಕ್ಕನೆ ಇಳಿದು ಬಂದಳು. "ಮದ್ವ ಎಣ್ಣಿನ್ ಮುಂದ್ಗಡ ಹೂ ಕೀಳದು ಅಂದ್ರ ಏನು ಗೊತ್ತೇನ್ಲಾ ನಿಂಗ? ಕೈ ತಗಿ! ನಂಗ ಗೊತ್ತು ಅದು ಏನು ಅಂತ."

ಅಪ್ಪ ಕೈ ತೆಗೆದ. ನೀರು ತುಂಬಿ, ಬಾನೆಟ್ಟನ್ನು ಪೂರಾ ಮುಚ್ಚದೆ ನಡುವೆ ಒಂದು ಕಟ್ಟಿಗೆ ತುಂಡು ಕೊಟ್ಟು ಹಗ್ಗ ಬಿಗಿದು ಹೊರಟ. ಚಾಮರಾಜನಗರ ದಾಟುವವರೆಗೆ ಹೇಗೋ ತೆವಳಿದೆವು. ಅಲ್ಲಿಂದಾಚೆ ಏರು. ಬಿಳಿಗಿರಿ ಸಾಲು ಎಡಕ್ಕೆ ಹೊಗೆಯ ಹಾಗೆ ಕಾಣುತ್ತಿತ್ತು. ನಾನು ದೇವರಿಗೆ ಕಾಯಿ ಹೇಳಿಕೊಂಡೆ, ಆಮೇಲೆ ಸಾಲದೇನೋ ಎನಿಸಿ ಮುಡಿ ಕೊಡುತ್ತೇನೆ ಅಂತಲೂ ಹೇಳಿಕೊಂಡೆ. ಮುಳ್ಳು ನನ್ನ ಹರಕೆಗೆ ಜಗ್ಗಲಿಲ್ಲ.

ಪುಣಜನೂರಿನ ಏರಿನಲ್ಲಿ ಜೀಪು ಎರಡನೇ ಸಲ ಕುದಿಯಿತು. ಅಕ್ಕಪಕ್ಕ ಒಂದು ನರಪಿಳ್ಳೆ ಇಲ್ಲ, ಒಣಗಿದ ಲಂಟಾನ ಪೊದೆ ಬಿಟ್ಟರೆ ನೆರಳಿಲ್ಲ. ಬಿಂದಿಗೆಯಲ್ಲಿ ತಳದ ನೀರು. ಸೂರ್ಯ ನೆತ್ತಿಗೆ ಬರುತ್ತಿದ್ದ. ಅಪ್ಪ ಬಾನೆಟ್ ಎತ್ತಿ, ಮಡ್‌ಗಾರ್ಡಿಗೆ ಒರಗಿ ನಿಂತುಬಿಟ್ಟ. ಅಜ್ಜಿ "ಮಾದಪ್ಪ, ಮಾಯ್ಕಾರ" ಎಂದು ಗೊಣಗುತ್ತಿದ್ದಳು.

ಆಗ ಅಕ್ಕ ಇಳಿದಳು. ಮನೆಯಲ್ಲಿ ಕೇಳಿದ್ದಕ್ಕೂ ಎರಡು ಸಲ ಯೋಚಿಸಿ ಉತ್ತರ ಕೊಡುವ ನಮ್ಮ ಮಂಗಳಕ್ಕ. ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ ನೇರ ಮೂತಿಯ ಹತ್ತಿರ ಹೋದಳು. ಮದರಂಗಿಯ ಕೈಯನ್ನು ಆ ಬಿಸಿ ಹೂವಿನೊಳಗೆ ತೂರಿಸಿ ಎಳೆದಳು. ದಾರ ಕಿತ್ತು, ಹೂ ದುಬುದುಬು ಉದುರಿತು.

"ಅಯ್ಯಯ್ಯೋ, ಬ್ಯಾಡ ಕಣಮ್ಮಿ! ಬುಡು!" ಅಜ್ಜಿ ಅವಳ ತೋಳು ಹಿಡಿದಳು.

"ಮದ್ವ ನಂದು ಕಣಜ್ಜಿ. ಪಾಪ ಬಂದ್ರ ನಂಗೇ ಬರ್ಲಿ. ಹೂ ಇದ್ದು ಲಗ್ನ ತಪ್ಪುದ್ರ ಆ ಹೂವ ತಗಂಡ್ ನಾನೇನ್ ಮಾಡ್ಲಿ?"

ಅಜ್ಜಿಯ ಕೈ ಸಡಿಲವಾಯಿತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆದರೆ ಅಳುತ್ತಲೇ ಬಗ್ಗಿ, ರಸ್ತೆಯಲ್ಲಿ ಬಿದ್ದ ಹೂವನ್ನೂ ಬಾಡದ ಹಾರದ ತುಂಡುಗಳನ್ನೂ ಒಂದೂ ಬಿಡದೆ ಮಡಿಲಿಗೆ ತುಂಬಿಕೊಂಡಳು. ಅಪ್ಪ ಮುಚ್ಚಳ ತಣಿದ ಮೇಲೆ ಉಳಿದ ನೀರನ್ನು ಚೂರುಚೂರೇ ಹೊಯ್ದ.

ಗಾಡಿ ಹೊರಟಿತು. ಬರಿಯ ಮೂತಿಗೆ ಗಾಳಿ ಹೊಡೆಯುವ ಸದ್ದು ನನಗೆ ಕೇಳಿಸಿತು. ಅಪ್ಪ ಏನೂ ಕೇಳಲಿಲ್ಲ, ಅವನಿಗೆ ಕೇಳಲು ಧೈರ್ಯವಿರಲಿಲ್ಲ. ನಾನೇ ಹೇಳಿದೆ: "ಇಳೀತಾ ಅದ ಕಣಪ್ಪ." ನಿಜವಾಗಿಯೂ ಇಳಿಯುತ್ತಿತ್ತು. ಮಾತಾಡಿದರೆ ಎಲ್ಲಿ ಮತ್ತೆ ಏರಿಬಿಡುತ್ತದೋ ಅಂತ ಆಮೇಲೆ ನಾನು ಬಾಯಿ ಬಿಡಲಿಲ್ಲ.

ಊರ ಬಾಗಿಲಲ್ಲಿ ವಾಲಗದ ಸದ್ದು ಕೇಳಿದ ಕೂಡಲೇ ಅಜ್ಜಿ, "ನಿಲ್ಸ್ಲಾ!" ಅಂದಳು. ಇಳಿದು ಹೋಗಿ, ಹಾರದ ತುಂಡುಗಳನ್ನು ಗಂಟು ಹಾಕಿ ಮೂತಿಗೆ ಮತ್ತೆ ಕಟ್ಟಿದಳು. ಈ ಸಲ ಒಂದೇ ಎಳೆ, ಬಾನೆಟ್ಟಿನ ಅಂಚಿಗೆ, ಜಾಲರಿ ಮುಚ್ಚದಂತೆ. "ಈಗ ಉಸುರಾಡ್ತದೇನ್ಲಾ?" ಅಂತ ಅಪ್ಪನನ್ನು ಕೇಳಿದಳು. ಅಪ್ಪನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅಮ್ಮ ಚಪ್ಪರದಿಂದ ಓಡಿ ಬಂದು ಅಕ್ಕನನ್ನು ಎಳೆದುಕೊಂಡೇ ಹೋದಳು. ಲಗ್ನ ಸಿಕ್ಕಿತು. ದೊಡ್ಡಪ್ಪನವರು ಚಪ್ಪರದಲ್ಲೇ ನಿಂತಿದ್ದರು.

ನನ್ನ ದಿಗಿಲು ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಅಕ್ಕ ಹೂ ಕಿತ್ತ ಆ ಗಳಿಗೆ ಮನಸ್ಸಿಗೆ ಅಂಟಿಕೊಂಡಿತು. ಅವಳ ಮನೆಯಿಂದ ಯಾರು ಬಂದರೂ ನಾನು ಮೊದಲು ಕೇಳುತ್ತಿದ್ದುದು, "ಭಾವ ಚೆನ್ನಾಗಿದ್ದಾರಾ?" ವರ್ಷಗಟ್ಟಲೆ ಚೆನ್ನಾಗಿಯೇ ಇದ್ದರು. ಎರಡು ಮಕ್ಕಳಾದವು. ಆಮೇಲೆ ಕಾಯಿಲೆ ಬಿದ್ದು ತೀರಿಕೊಂಡರು.

ಆ ದಿನ ಹೆಂಗಸರು ಅಕ್ಕನನ್ನು ನಡುಮನೆಯಲ್ಲಿ ಕೂರಿಸಿ, ಅವಳ ತಲೆಯ ಹೂ ಕೀಳಲು ಸುತ್ತ ನಿಂತರು. ನಾನು ಅಜ್ಜಿಯನ್ನೇ ನೋಡುತ್ತಿದ್ದೆ. ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಹಣ್ಣುಹಣ್ಣು ಮುದುಕಿ. ಅವತ್ತೇ ಹೇಳಿದ್ದೆನಲ್ಲ ಅಂತ ಈಗ ಅಂದುಬಿಡುತ್ತಾಳೆ ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ಅಜ್ಜಿ ಕೋಲೂರಿ ಎದ್ದಳು. ಹೆಂಗಸರ ನಡುವೆ ನುಗ್ಗಿ ಅಕ್ಕನ ತಲೆಯ ಮೇಲೆ ಕೈಯಿಟ್ಟಳು.

"ಎಲ್ರೂ ಕೈ ತಗೀರಿ. ನನ್ ಮೊಮ್ಮಗ್ಳು ಕೀಳ್ಬೇಕಾದ್ ಹೂವ ಅವತ್ತೇ ದಾರೀಲಿ ಅವ್ಳೇ ಕಿತ್ತಾಕವಳ. ಇನ್ ಯಾರೂ ಕೀಳಂಗಿಲ್ಲ."

ಯಾರೂ ಕೀಳಲಿಲ್ಲ.

ಜೀಪು ಗುಜರಿಗೆ ಹೋಗಿ ಕಾಲವಾಯಿತು. ಅಪ್ಪ ಹೋದ, ಆಮೇಲೆ ಅಜ್ಜಿ. ಈಗ ನಮ್ಮ ಮನೆಯವರು ಓಡಿಸುವ ಕಾರಿನಲ್ಲಿ ಮುಳ್ಳೇ ಇಲ್ಲ. ಬಿಸಿಯಾದರೆ ದೀಪ ಹತ್ತುತ್ತದಂತೆ, ಅದು ಹತ್ತಿದ್ದನ್ನು ನಾನು ಕಂಡಿಲ್ಲ. ಆದರೂ ಪುಣಜನೂರಿನ ಏರಿನಲ್ಲಿ ನನ್ನ ಕಣ್ಣು ತಾನಾಗಿ ಆ ಕಡೆ ಹೋಗುತ್ತದೆ. ಎಲ್ಲದಮ್ಮಿ ಮುಳ್ಳು ಅಂತ ಕೇಳುವವರಿಲ್ಲ.

ಅಕ್ಕ ಹಬ್ಬಹುಣ್ಣಿಮೆಗೆ ಇವತ್ತಿಗೂ ಹೂ ಮುಡಿಯುತ್ತಾಳೆ. ಮೊನ್ನೆ ಒಂದು ಮದುವೆಮನೆಯಲ್ಲಿ ಯಾರೋ ಅದನ್ನು ನೋಡಿ ಮೂತಿ ತಿರುವಿದರು. ಅಕ್ಕ ತಲೆ ತಗ್ಗಿಸಿದಳು. ನಾನು ಎದ್ದು ಏನಾದರೂ ಅನ್ನಬೇಕೆಂದುಕೊಂಡೆ, ಪುಕ್ಕಲಿ ನಾನು, ಏಳಲಿಲ್ಲ. ಕೋಲೂರಿಕೊಂಡು ಎದ್ದು ಬರಲು ಅಜ್ಜಿ ಇಲ್ಲ. ಬಾಳೆಎಲೆಯ ಮುಂದೆ ಅಕ್ಕನ ಪಕ್ಕ ಇನ್ನಷ್ಟು ಒತ್ತಿ ಕೂತೆ, ಅಷ್ಟೆ.