ಅಕ್ಕೋರ ಮನೆಯ ಸಾಲಿ

ಮೊನ್ನೆ ಟ್ರಂಕು ತೆರೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಸೀರೆಗಳನ್ನು ಬಿಸಿಲಿಗೆ ಹಾಕುವುದು ಬಿಟ್ಟು ಅಲ್ಲೇ ಕುಳಿತುಬಿಟ್ಟೆ. ಸಿಂಧನೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕೋರು ಭಾನುವಾರ ಚರ್ಚಿಗೆ ಹೊರಟರೆಂದರೆ ಅವರ ಬಿಳಿ ಸೀರೆಯಿಂದ ಇದೇ ವಾಸನೆ ಬರುತ್ತಿತ್ತು...

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯ ಮೇಡಂ. ಇವರು ಯಾವ ಶಾಲೆಯಲ್ಲೂ ಇರಲಿಲ್ಲ. ಇದ್ದೊಬ್ಬ ಮಗಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕೂರಿಸಿಕೊಂಡು ಕಲಿಸುತ್ತಿದ್ದರು. ಓಣಿಯವರು ಇಟ್ಟ ಆ ಹೆಸರಿನಲ್ಲಿ ಗೌರವಕ್ಕಿಂತ ಚೇಷ್ಟೆಯೇ ಹೆಚ್ಚಿತ್ತು. ಗಂಡ ಹಟ್ಟಿಯ ಗಣಿಯಲ್ಲಿ, ರಜೆ ಸಿಕ್ಕಾಗ ಬರುವವರು. ಹೀಗಾಗಿ ಮಗಳು ಮತ್ತು ಚರ್ಚು, ಇವೆರಡೇ ಅವರ ಲೋಕ.

ನನಗೋ ಹುಟ್ಟು ಕುತೂಹಲ. ಗೋಡೆಯ ಈಚೆ ಅಕ್ಕಿ ಆರಿಸುತ್ತ ಕಿವಿಯನ್ನು ಆಚೆ ಇಟ್ಟಿರುತ್ತಿದ್ದೆ. ಮಗ್ಗಿ, ಪ್ರಾರ್ಥನೆ, ಇತಿಹಾಸ, ಮತ್ತೆ ಹಾಡು... ಶಾಲೆಗೆ ಏಕೆ ಕಳಿಸುವುದಿಲ್ಲ ಎಂದು ಒಮ್ಮೆ ಕೇಳಿಯೇಬಿಟ್ಟೆ.

"ದೇವರು ಕೂಸನ್ನ ನನ್ನ ಉಡ್ಯಾಗ ಹಾಕ್ಯಾನ್ರಿ, ಮಾಸ್ತರ ಉಡ್ಯಾಗಲ್ಲ," ಎಂದರು.

ಅವರ ಚರ್ಚು ಕಾಲುವೆ ದಂಡೆಯ ಕ್ಯಾಂಪಿನಲ್ಲಿತ್ತು. ಗದ್ದೆ ಮಾಡಲು ಬಂದು ಅಲ್ಲಿ ನೆಲೆಸಿದ್ದ ತೆಲುಗಿನವರೂ ನಮ್ಮ ಕಡೆಯ ಕೂಲಿಯವರೂ ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು. ಪಾಸ್ಟರು ತೆಲುಗಿನಲ್ಲಿ ಒಂದು ಮಾತು ಹೇಳಿ ನಿಲ್ಲುತ್ತಿದ್ದರು, ಪಕ್ಕದಲ್ಲಿ ನಿಂತವರು ಅದನ್ನು ಕನ್ನಡದಲ್ಲಿ ಹೇಳಬೇಕು. ಅದು ಅಲ್ಲಿಯ ರೂಢಿ.

ಓಣಿಯವರು ಆಡಿಕೊಂಡರೆ ಅಕ್ಕೋರು ಸೊಪ್ಪು ಹಾಕುತ್ತಿರಲಿಲ್ಲ. ಆದರೆ ಚರ್ಚಿನ ಹಿರಿಯರೇ "ಹುಡುಗೀನ ಸಾಲಿಗೆ ಹಾಕ್ರಿ, ನಮ್ಮ ಹಿರ್ಯಾರಿಗೆ ಸಿಗಲಿಲ್ಲ, ಈಕಿಗರ ಸಿಗ್ಲಿ" ಎಂದಾಗ ಅವರಿಗೆ ಚುಚ್ಚಿತು. "ಬರೂ ಐತವಾರ ಉಪದೇಶಾನ ನನ್ನ ಮಗಳು ಕನ್ನಡದಾಗ ಹೇಳ್ತಾಳ. ಒಂದ ಮಾತು ತಪ್ಪಿದ್ರೂ ಸಾಲಿಗೆ ಹಾಕ್ತೀನಿ," ಎಂದು ಪಂದ್ಯ ಕಟ್ಟಿಯೇ ಬಂದರು.

"ನೀವೂ ಬರ್ರಿ, ಗ್ವಾಡಿಗೆ ಕಿವಿ ಹಚ್ಚೂ ತ್ರಾಸ ತಪ್ತೈತಿ," ಎಂದು ನನ್ನನ್ನೂ ಕರೆದರು. ನಾನು ಹಣೆಗೆ ವಿಭೂತಿ ಹಚ್ಚಿಕೊಂಡೇ ಹೋದೆ, ಯಾರೂ ಏನೂ ಅನ್ನಲಿಲ್ಲ.

ಹುಡುಗಿ ಎಲ್ಲೂ ಎಡವಲಿಲ್ಲ. ನಾನು ಅಂಗಡಿಯವರ ಮನೆಯವಳು, ಗಿರಾಕಿಗಳ ತೆಲುಗು ನನಗೂ ತಿಳಿಯುತ್ತದೆ. ಅಕ್ಕೋರ ಮುಖ ಅರಳುತ್ತಲೇ ಹೋಯಿತು. ಕೊನೆಗೆ ಪಾಸ್ಟರು, ಯಾರ ಹೆಸರನ್ನೂ ಎತ್ತದೆ, ಗದ್ದೆಯವರಿಗೆ ಹಿಡಿಸುವಂಥ ಮಾತೊಂದನ್ನು ಹೇಳಿದರು. ಹುಡುಗಿ ಅದನ್ನೂ ಕನ್ನಡದಲ್ಲಿ ಹೇಳಿದಳು.

"ಸಸಿ ಮಡ್ಯಾಗ ಬಿಟ್ರ ತೆನಿ ಕಟ್ಟೂದಿಲ್ಲ. ಕಿತ್ತು ಗದ್ಯಾಗ ಹಚ್ಚಬೇಕು. ಮಕ್ಕಳೂ ಹಂಗ."

ಆಮೇಲೆ ಅವ್ವನ ಕಡೆ ತಿರುಗಿ ಅದನ್ನೇ ಮತ್ತೊಮ್ಮೆ ಹೇಳಿದಳು. ಪಾಸ್ಟರು ಹೇಳಿದ್ದು ಒಂದೇ ಸಲ.

ಪಂದ್ಯವನ್ನು ಅಕ್ಕೋರೇ ಗೆದ್ದಿದ್ದರು. ಆದರೂ ಬರುವ ದಾರಿಯಲ್ಲಿ, "ಜೂನಿನಾಗ ಸಾಲಿಗೆ ಹಾಕ್ತೀನ್ರಿ," ಎಂದರು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹುಡುಗಿ ಶಾಲೆಗೆ ಹೋದಳು. ಅಕ್ಕೋರು ಭಾನುವಾರ ಕ್ಯಾಂಪಿನ ಚಿಕ್ಕ ಮಕ್ಕಳನ್ನು ಚರ್ಚಿನ ಹಿಂದೆ ಕೂರಿಸಿಕೊಂಡು ಹಾಡು ಕಲಿಸತೊಡಗಿದರು. ಮುಂದೆ ಹಟ್ಟಿಗೆ ಮನೆ ಬದಲಿಸಿದರು...

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಮಗಳು ಈಗ ಲಿಂಗಸುಗೂರಿನಲ್ಲಿ ನರ್ಸು. ಮೊನ್ನೆ ಸಂಜೆ ಅವಳಿಗೆ ಫೋನು ಮಾಡಿದೆ. ಕುಶಲ ವಿಚಾರಿಸಿ, ಇಷ್ಟು ವರ್ಷ ತಡೆದುಕೊಂಡಿದ್ದನ್ನು ಕೇಳಿಬಿಟ್ಟೆ. ಅವತ್ತು ಚರ್ಚಿನಲ್ಲಿ ಸಸಿಯ ಮಾತನ್ನು ಯಾಕೆ ಎರಡು ಸಲ ಹೇಳಿದೆ?

ಅವಳು ಹೇಳಿದ್ದು ಇಷ್ಟು:

"ದವಾಖಾನ್ಯಾಗ ಇದ್ದಾಗ ಅವ್ವನೂ ಇದನ್ನ ಕೇಳಿದ್ಲು ರೀ. ನನ್ನ ಕಡೆ ಕಲಿಯೂದು ನಿನಗ ಬ್ಯಾಡಾಗಿತ್ತೇನು ಅಂದ್ಲು. ನನಗ ಗೆಳತ್ಯಾರು ಬೇಕಾಗಿದ್ರು, ಅಷ್ಟ. ಹೇಳಬೇಕಂದ್ನಿ, ಅಷ್ಟರಾಗ ಆಕಿಗೆ ನಿದ್ದಿ ಹತ್ತಿತ್ತು."

ಆ ನಿದ್ದೆಯಿಂದ ಅಕ್ಕೋರು ಏಳಲಿಲ್ಲವಂತೆ.