ಮೇಲಿನ ಮನೆಯ ಮಾಲ್ಡೀವ್ಸ್ ಯಜಮಾನರು

ಪಾದಗಳು ಊದಿಕೊಂಡು ಬೂಟಿನ ಲೇಸು ಕಟ್ಟಲು ಆಗುತ್ತಿರಲಿಲ್ಲ. ಆದರೂ ಹಾಲು ತರಲು ಹೋಗುವಾಗಲೂ ಅವರಿಗೆ ಪಾಲಿಶ್ ಮಾಡಿದ ಕಪ್ಪು ಬೂಟೇ ಬೇಕು. ಲೇಸುಗಳನ್ನು ಒಳಕ್ಕೆ ತುರುಕಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಗಂಗಾನಗರದ ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದವರು, ದೇಶ ಮಾಲ್ಡೀವ್ಸ್. ಹೃದಯದ ಕಾಯಿಲೆಗೆ ಹೆಬ್ಬಾಳದ ಕಡೆಯ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಲು ಹೆಂಡತಿಯೊಡನೆ ಬಂದಿದ್ದರು.

ಅಲ್ಲಿನ ವಿದೇಶಾಂಗ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ದೊಡ್ಡ ದೇಶಗಳವರು ಬಂದಾಗ ಯಾರ ಪಕ್ಕ ಯಾರು ಕೂರಬೇಕು, ಯಾರ ಬಾವುಟ ಎಲ್ಲಿರಬೇಕು ಎಂದು ನೋಡಿಕೊಳ್ಳುವುದೇ ಅವರ ಕೆಲಸವಾಗಿತ್ತಂತೆ. ಆ ಅಭ್ಯಾಸ ಇಲ್ಲಿಯೂ ಬಿಟ್ಟಿರಲಿಲ್ಲ. ಪಕ್ಕದ ಮನೆಯಲ್ಲಿರುವ ನನ್ನ ತಮ್ಮನಿಗೂ ನನಗೂ ಕಾಂಪೌಂಡ್ ಗೋಡೆಯ ವಿಷಯಕ್ಕೆ ಮಾತು ನಿಂತುಹೋಗಿತ್ತು. ಇವರು ರಂಜಾನ್ ಹಬ್ಬಕ್ಕೆ ಎರಡು ಮನೆಗೂ ಒಂದೇ ಅಳತೆಯ ಡಬ್ಬಿಯಲ್ಲಿ ಸಿಹಿ ಕಳಿಸಿದರು. ಮನೆ ಕೊಟ್ಟವನು ನಾನು, ಅವನಿಗೇಕೆ ಎಂದು ನನಗೆ ಹೊಟ್ಟೆ ಉರಿಯಿತು. ಕೇಳಿಯೂ ಬಿಟ್ಟೆ. ತಾವು ಕುಡಿಯುವ ನೀರಿನ ಪೈಪು ನನ್ನ ತಮ್ಮನ ಜಾಗದಲ್ಲೇ ಹಾದು ಬರುತ್ತದಲ್ಲ ಎಂದು ನಕ್ಕರು.

ಅಷ್ಟರಲ್ಲಿ ಅವರ ದೇಶಕ್ಕೂ ನಮ್ಮ ದೇಶಕ್ಕೂ ಮನಸ್ತಾಪ ಹುಟ್ಟಿತು. ಅವರ ಹೊಸ ಸರ್ಕಾರ ಚೀನಾದ ಕಡೆ ವಾಲುತ್ತಿದೆ ಎಂದು ಟೀವಿಯವರು ದಿನವಿಡೀ ಕೂಗಿದರು. ಟೀವಿ ಹಾಕಿದಷ್ಟು ಹೊತ್ತೂ ನಾನು ಮಹಾ ದೇಶಭಕ್ತ. ಅದೇ ವಾರ ಅವರು, ವೀಸಾ ಮುಂದುವರಿಸಲು ಮನೆ ಮಾಲೀಕನ ಸಹಿ ಬೇಕೆಂದು ಕಾಗದ ಹಿಡಿದು ಒಬ್ಬರೇ ಕೆಳಗೆ ಬಂದರು. ಆಪರೇಷನ್ನಿಗೆ ಇನ್ನು ಮೂರು ವಾರವಿತ್ತು. ವೀಸಾ ಅದಕ್ಕೂ ಮೊದಲೇ ಮುಗಿಯುವುದಿತ್ತು.

"ಮೊದ್ಲು ಇದ್ ಹೇಳಿ ಸಾರ್, ನಿಮ್ಮೋರು ನಮ್ ಕಡೆನೋ, ಚೀನಾ ಕಡೆನೋ?" ಎಂದೆ.

ಅವರದು ಅರೆ ಇಂಗ್ಲಿಷ್, ಅರೆ ಹಿಂದಿ. ನಿಧಾನವಾಗಿ ಹೇಳಿದ್ದು ಇಷ್ಟು: "ಕುಡಿಯೋಕೆ ನೀರಿಲ್ದಾಗ ನೀರು ಕಳ್ಸಿದ್ದು ನೀವು. ಸೇತುವೆ ಕಟ್ಟಿಕೊಟ್ಟಿದ್ದು ಅವ್ರು. ಯಾರನ್ನ ಬಿಡೋಣ ಹೇಳಿ? ಜಗಳ ಆಡೋ ಅಷ್ಟು ದೊಡ್ಡೋರಲ್ಲ ನಾವು."

ಆ ಉತ್ತರ ನನಗೆ ಸಾಲಲಿಲ್ಲ. ನಾಳೆ ನೋಡೋಣ ಎಂದೆ. ಮರುದಿನ ಯಲಹಂಕದಲ್ಲಿ ಮದುವೆ ಎಂದೆ. ಅದರ ಮಾರನೆಯ ದಿನ ಕನ್ನಡಕ ಸಿಗುತ್ತಿಲ್ಲ ಎಂದೆ, ಕನ್ನಡಕ ಜೇಬಿನಲ್ಲೇ ಇತ್ತು. ದಿನವೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಕಲಿತಿದ್ದ ನಾಲ್ಕು ಕನ್ನಡ ಮಾತುಗಳಲ್ಲಿ ಒಂದಾದ "ಪರವಾಗಿಲ್ಲ" ಹೇಳಿ, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುತ್ತಿದ್ದರು. ಆರನೆಯ ದಿನ ನನಗೇ ನಾಚಿಕೆಯಾಗಿ ಪೆನ್ನು ತೆಗೆದೆ. ಅವರು, ಅರ್ಜಿಯ ಗಡುವು ನಿನ್ನೆಗೇ ಮುಗಿಯಿತು, ಊರಿಗೆ ಹೋಗಿ ಹೊಸ ವೀಸಾ ಮಾಡಿಸಿಕೊಂಡು ಬರುತ್ತೇನೆ ಎಂದರು. ಪರದೇಶದಲ್ಲಿ ಕಾನೂನು ಮೀರಿ ಒಂದು ದಿನವೂ ಇರುವ ಜಾಯಮಾನ ಅವರದಲ್ಲ.

ಹೊಸ ವೀಸಾ ಬರುವ ಮೊದಲೇ ತೀರಿಕೊಂಡರು. ಅವರ ಹೆಂಡತಿಯೇ ಫೋನ್ ಮಾಡಿ ತಿಳಿಸಿದರು. ಆಕೆಯ ದನಿಯಲ್ಲಿ ಅಳುವಿಗಿಂತ ಸಿಟ್ಟೇ ಹೆಚ್ಚಿತ್ತು.

"ಕಾಗದ ನಿಮ್ ಹತ್ರ ತರೋದನ್ನೇ ಮರೆತೆ ಅಂದ್ರು, ಭಾಯಿ. ಜೀವಮಾನವೆಲ್ಲ ಸರ್ಕಾರದ ಕಾಗದ ನೋಡ್ಕೊಂಡಿದ್ದೋರು. ಆ ಮರೆವಿಗೆ ನಾನಿನ್ನೂ ಅವ್ರನ್ನ ಕ್ಷಮಿಸಿಲ್ಲ."

ಅವರು ಮರೆತಿರಲಿಲ್ಲಮ್ಮ, ಸತಾಯಿಸಿದ್ದು ನಾನು ಎನ್ನಬೇಕಿತ್ತು. "ಹೌದಾ" ಎಂದೆ, ಅಷ್ಟೇ.